ಡಾಕ್ಟರ ಗಾಡಿ

ಹಳೇ ಕಾರು ಮಾರಿಸುವವರ ಮಾತು ನಂಬುವುದಾದರೆ ನಮ್ಮ ನಾಡಿನಲ್ಲಿ ಡಾಕ್ಟರುಗಳಿಗೆ ಬರವೇ ಇಲ್ಲ. ಹೋದ ವರ್ಷ ಮೈಸೂರಿನಲ್ಲಿ ನಾನು ನೋಡಿದ ಏಳು ಕಾರುಗಳಲ್ಲಿ ಐದು ಡಾಕ್ಟರದು. "ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ. ಅಷ್ಟೇ ಸಾರ್ ಓಡಿರೋದು." ಆರನೆಯದು ಒಬ್ಬ ಮೇಡಂ ಇಟ್ಟುಕೊಂಡಿದ್ದದ್ದು, ಸೋಮವಾರ ಸೋಮವಾರ ನಂಜನಗೂಡಿಗೆ ಹೋಗಿಬರುವುದು ಬಿಟ್ಟರೆ ಅವರು ಅದನ್ನು ಶೆಡ್ಡಿನಿಂದ ಆಚೆಗೇ ತೆಗೆಯುತ್ತಿರಲಿಲ್ಲವಂತೆ. ಏಳನೆಯದು ಯಾರದೆಂದು ಬ್ರೋಕರ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಡಿಕ್ಕಿಯಲ್ಲಿ ಕೋಳಿಪುಕ್ಕ ಇತ್ತು.

ನಂಜನಗೂಡಿನ ಕಾರು ನನಗೆ ಹಿಡಿಸಿತು. ಮೀಟರಿನಲ್ಲಿ ಬರೀ 38,000 ಕಿಲೋಮೀಟರ್. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಮೀಟರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬಾಗಿಲು ತೆಗೆದು, ಬಗ್ಗಿ, ಬ್ರೇಕ್ ಪೆಡಲಿನ ರಬ್ಬರನ್ನು ಹೆಬ್ಬೆರಳಲ್ಲಿ ಸವರಿದ. ಗೆರೆಗಳೆಲ್ಲ ಸವೆದು ನುಣ್ಣಗಾಗಿ ಬಲಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು.

"ಮೇಡಂಗೆ ಭಕ್ತಿ ಜಾಸ್ತಿ," ಅಂದ.

ಆ ಹೆಬ್ಬೆರಳು ನನಗೆ ಹೊಸದಲ್ಲ. ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ನೋಡುತ್ತಿದ್ದದ್ದೂ ಹೀಗೇ. ಮಾರುವವನು ಎತ್ತಿನ ಗುಣಗಾನ ಮಾಡುವಷ್ಟು ಹೊತ್ತೂ ಅವರು ಕಿವುಡರು. ಮೂಗುದಾರ ಹಿಡಿದು ಕೆಳತುಟಿ ಇಳಿಸಿ ಹಲ್ಲು ಎಣಿಸುವರು: ಎರಡು ಹಲ್ಲು, ನಾಲ್ಕು, ಆರು, ಎಂಟಾದರೆ ಬಾಯಿಗೂಡಿತು. ಆಮೇಲೆ ಸುಳಿ. ಆಮೇಲೆ ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ವ್ಯಾಪಾರ. ಕಾರಿನಲ್ಲಿ ಈ ಹಲ್ಲಿನ ಅನುಕೂಲವಿಲ್ಲ. ಮೀಟರ್ ಇದೆ ನಿಜ, ಆದರೆ ಅದು ಕಟ್ಟಿಸಿದ ಹಲ್ಲು. ಎಷ್ಟು ಬೇಕೋ ಅಷ್ಟು ಕಟ್ಟಿಸಬಹುದು.

ಇದೇ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನನ್ನ ಅಕ್ಕನ ಮಗನೂ ಹಳೇ ಕಾರು ಹುಡುಕುತ್ತಿದ್ದ. ಒಂದು ರಾತ್ರಿ ವಾಟ್ಸಾಪಿಗೆ ಉದ್ದನೆಯ ಪಟ್ಟಿಯೊಂದು ಬಂತು. "ಮಾವ, ಇದು ನಾನು ನೋಡಿರೋ ಕಾರಿನ ಎಂಓಟಿ ಹಿಸ್ಟರಿ. ನಂಬರ್ ಪ್ಲೇಟಿನ ನಂಬರ್ ಹಾಕಿದ್ರೆ ಸಾಕು, ಸರ್ಕಾರವೇ ಪುಕ್ಕಟೆ ತೋರಿಸುತ್ತೆ."

ಎಂಓಟಿ ಅಂದರೆ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್. ಆ ಹೆಸರಿನ ಇಲಾಖೆ ಈಗ ಅಲ್ಲಿಲ್ಲ. ಟಾಕೀಸು ಕೆಡವಿದ ಮೇಲೂ ನಮ್ಮ ಬಸ್ ಸ್ಟಾಪಿಗೆ ಟಾಕೀಸಿನ ಹೆಸರೇ ಉಳಿದ ಹಾಗೆ, ಪರೀಕ್ಷೆಗೆ ಹೆಸರು ಉಳಿದಿದೆ. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು. 1967ರಿಂದ ಮೂರು ವರ್ಷ ತುಂಬಿದ ಕಾರುಗಳೆಲ್ಲ ವರ್ಷಕ್ಕೊಮ್ಮೆ ಹೋಗಿ ನಿಲ್ಲಬೇಕು. ಬ್ರೇಕು, ದೀಪ, ಟೈರು, ಸ್ಟಿಯರಿಂಗು, ತುಕ್ಕು, ಹೊಗೆ ಎಲ್ಲ ನೋಡಿ ಪಾಸೋ ಫೇಲೋ ಬರೆಯುತ್ತಾರೆ. ಅವತ್ತಿನ ಮೀಟರನ್ನೂ ಬರೆದಿಡುತ್ತಾರೆ. 2005ರಿಂದ ಈಚಿನ ಲೆಕ್ಕ ಯಾರು ಬೇಕಾದರೂ ನೋಡಬಹುದು. ಮೀಟರ್ ತಿರುಗಿಸುವವನು ಸಿಕ್ಕಿಬೀಳುವುದು ಇಲ್ಲಿ. ಹೋದ ವರ್ಷ 62,000 ಮೈಲಿ ಇದ್ದದ್ದು ಈ ವರ್ಷ 41,000 ಆಗಬೇಕಾದರೆ ಕಾರು ವರ್ಷವಿಡೀ ರಿವರ್ಸ್ ಗೇರಿನಲ್ಲೇ ಓಡಿರಬೇಕು.

ಕೊಳ್ಳುವವನು ಅವನು, ರಾತ್ರಿ ಹನ್ನೊಂದೂವರೆಯವರೆಗೆ ಪಟ್ಟಿ ಓದಿದವನು ನಾನು. 2013ರ ಕಾರು. ಮೊದಮೊದಲು ವರ್ಷಕ್ಕೆ ಒಂಬತ್ತು ಸಾವಿರ ಮೈಲಿ ಓಡಿದೆ. 2019ರಲ್ಲಿ ಪರೀಕ್ಷೆ ಮಾಡಿದವರು ಬರೆದಿದ್ದಾರೆ: ಹಿಂದಿನ ಎಡ ಟೈರು ಸವೆತದ ಮಿತಿಗೆ ಹತ್ತಿರ. ಅದು ಫೇಲಲ್ಲ, ಬುದ್ಧಿಮಾತು, ಅಡ್ವೈಸರಿ ಅನ್ನುತ್ತಾರಂತೆ. ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಮ್ಮಿಯಾದರೆ ಮಾತ್ರ ಫೇಲು. ಮುಂದಿನ ಎರಡು ಪರೀಕ್ಷೆಗಳ ನಡುವೆ ಬರೀ 700 ಮೈಲಿ. ಕೋವಿಡ್ ಎಂದು ಯಾರೂ ಹೇಳಬೇಕಿಲ್ಲ. ಅದೇ ಟೈರು, ಅದೇ ಬುದ್ಧಿಮಾತು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಸುರಿಯುವ ಉಪ್ಪಿನಿಂದ ಕಾರಿನ ಹೊಟ್ಟೆಗೆ ತುಕ್ಕು ಹಿಡಿಯುತ್ತದಲ್ಲ, ಅದರ ಬಗ್ಗೆಯೂ ಒಂದು ಸಾಲು. 2022ರಲ್ಲಿ ಫೇಲ್. ಕಾರಣ, ಹಿಂದಿನ ಎಡ ಟೈರು. ಎರಡು ದಿನ ಬಿಟ್ಟು ಪಾಸ್. ಮೂರು ವರ್ಷ ಹೇಳಿಸಿಕೊಂಡು, ಫೇಲಾದ ಮೇಲೆಯೇ ಟೈರು ಹಾಕಿಸಿದ ಆ ಪುಣ್ಯಾತ್ಮನ ಮುಖವನ್ನೂ ನಾನು ಕಂಡಿಲ್ಲ. ಆದರೂ ನಮ್ಮ ಪೈಕಿಯವನೇ ಅನ್ನಿಸಿಬಿಟ್ಟ.

ಅಕ್ಕನ ಮಗ ಆ ಕಾರನ್ನೇ ಕೊಂಡ. ನಾಲ್ಕನೇ ತಿಂಗಳು ಕ್ಲಚ್ ಹೋಯಿತು. ಎಂಜಿನ್ನು, ಕ್ಲಚ್ಚು, ಗೇರ್‌ಬಾಕ್ಸು ಹೇಗಿವೆ ಎಂದು ಆ ಪರೀಕ್ಷೆಯಲ್ಲಿ ನೋಡುವುದೇ ಇಲ್ಲವಂತೆ.

ನಮ್ಮಲ್ಲಿ ಸ್ವಂತದ ಕಾರಿಗೆ ಎಫ್‌ಸಿ ಎಂಬುದು 15 ವರ್ಷ ತುಂಬಿ ಆರ್‌ಸಿ ರಿನ್ಯೂ ಮಾಡಿಸುವಾಗ ಬರುವ ಮಾತು. ಟ್ಯಾಕ್ಸಿಯಾದರೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ. ನಡುವೆ ಎಮಿಷನ್ ಟೆಸ್ಟ್ ಇದೆ, ಅದಕ್ಕೆ ಹೊಗೆಯ ಚಿಂತೆ ಮಾತ್ರ. ಬ್ರೇಕೇ ಇಲ್ಲದ ಕಾರೂ ಚೊಕ್ಕ ಹೊಗೆ ಬಿಡಬಹುದು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಗಾಡಿ ಯಾವ ವರ್ಷದ್ದು, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಂಬುದು ಸಿಗುತ್ತದೆ. ಎಷ್ಟನೇ ಓನರು, ಬ್ಯಾಂಕಿನ ಸಾಲ ತೀರಿದೆಯೋ ಇಲ್ಲವೋ ಎಂದು ಆರ್‌ಸಿ ನೋಡಿ ತಿಳಿಯಬಹುದು. ಕಾರು ಎಲ್ಲಿ ಗುದ್ದಿತ್ತು, ಎಷ್ಟು ನೀರು ಕುಡಿದಿತ್ತು ಎಂಬುದಕ್ಕೆ ಮೆಕ್ಯಾನಿಕ್ಕಿನ ಹೆಬ್ಬೆರಳೇ ಗತಿ.

ಬೆಂಗಳೂರಿನಿಂದ ಬಂದ ಒಂದು ಕೆಎ-53 ಕಾರಿನ ಮುಂದೆ ಅವನು ಅರ್ಧ ಗಂಟೆ ಕಳೆದ. ನಾಲ್ಕೂ ಕಿಟಕಿ ಗಾಜಿನ ಮೂಲೆಯಲ್ಲಿರುವ ತಯಾರಿಯ ವರ್ಷ ಹೊಂದುತ್ತದೆಯೇ ಎಂದು ನೋಡಿದ. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು ಒಳಗಿನ ವೆಲ್ಡಿಂಗ್ ಗುರುತು ಎಣಿಸಿದ. ಕೊನೆಗೆ ಡ್ರೈವರ್ ಸೀಟಿನ ಬೆಲ್ಟನ್ನು, ನಾವು ಯಾರೂ ಎಂದೂ ಎಳೆಯದಷ್ಟು ಉದ್ದಕ್ಕೆ, ಬುಡದವರೆಗೂ ಎಳೆದ. ಕೊನೆಯ ಮೊಳದಲ್ಲಿ ಕಂದು ಗೆರೆಯೊಂದು ಅಡ್ಡಡ್ಡ ಕೂತಿತ್ತು. ಮೂಸಿ ನೋಡಿ ನನ್ನ ಕೈಗೂ ಕೊಟ್ಟ. ಹಳೇ ಕೆರೆಯ ಕೆಸರಿನ ವಾಸನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಾಯಿತು. ಇದೂ ಡಾಕ್ಟರ ಗಾಡಿಯೇ.

ಅಂತೂ ಎಂಟನೆಯ ಕಾರನ್ನು ಮೆಕ್ಯಾನಿಕ್ ಒಪ್ಪಿದ. ಹೊಸದಾಗಿ ಬಂದ ಹಳೇ ಕಾರಿಗೆ ಜಾಗ ಬೇಕಲ್ಲ, ಮನೆಯ ಹಳೇ ಕಾರು ಮಾರಬೇಕಾಯಿತು. ನೋಡಲು ಒಂದು ಜೋಡಿ ಬಂತು, ಜೊತೆಗೆ ಅವರ ಮೆಕ್ಯಾನಿಕ್. ಎಷ್ಟು ಓಡಿದೆ ಎಂದು ಹುಡುಗ ಕೇಳಿದ. "ಮನೆಯಿಂದ ಕಾಲೇಜು, ಕಾಲೇಜಿಂದ ಮನೆ" ಎಂದು ನನ್ನ ಬಾಯಿಂದಲೇ ಬಂತು. ಕೇಳಿ ನನಗೇ ಗಾಬರಿಯಾಯಿತು.

ಮೆಕ್ಯಾನಿಕ್ ಬಾನೆಟ್ ಎತ್ತಿ ಹಿಂಜಿನ ಬೋಲ್ಟಿನ ಮೇಲೆ ಉಗುರು ಆಡಿಸಿದ. ಸ್ಪ್ಯಾನರ್ ತಗುಲಿ ಬಣ್ಣ ಕಿತ್ತಿತ್ತು. "ಬಾನೆಟ್ ಬಿಚ್ಚಿದ್ದಾರಲ್ಲ ಸಾರ್?"

"ಸರ್ವಿಸ್‌ನವರು ಏನೋ..." ಎಂದು ನಾನು ಶುರುಮಾಡುವಷ್ಟರಲ್ಲಿ ನನ್ನ ಹೆಂಡತಿ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು.

"ತೆಂಗಿನಕಾಯಿ ಬಿದ್ದಿತ್ತಲ್ಲ, ಮರೆತುಬಿಟ್ರಾ? ಒಂದಲ್ಲಪ್ಪ, ಗೊನೆಗೆ ಗೊನೆಯೇ. ಅದಕ್ಕೂ ಮುಂಚೆ ಇವರು ಗೇಟಿಗೆ ಗುದ್ದಿದ್ರು, ಅದು ಬೇರೆ."

ಹುಡುಗ ಕಾಫಿ ಲೋಟ ತೆಗೆದುಕೊಂಡು ನನ್ನ ಕಡೆಗೆ ಬೆನ್ನು ತಿರುಗಿಸಿದ.

"ಆಂಟಿ, ಟೈರು ಯಾವಾಗ ಹಾಕಿಸಿದ್ದು?"

ಅವಳು ಕುರ್ಚಿ ಎಳೆದುಕೊಂಡು ಕೂತಳು.