ಕರ್ಣಕವಚ ಮೀಮಾಂಸೆ

(ಸಾಸಲಿನ ಮರಗೆಲಸದ ಶೆಡ್ಡಿನಲ್ಲಿ, ಕರೆಂಟ್ ಹೋದಾಗ ಮಾತ್ರ ಬರೆದ ಭಾಷ್ಯ)

1. ಸ್ಥಳನಿರ್ಣಯ

ಕೆ.ಆರ್. ಪೇಟೆ ತಾಲ್ಲೂಕಿನಲ್ಲೂ ಒಂದು ಸಾಸಲು ಇರುವುದರಿಂದ ವಿದ್ವಾಂಸರು ದಾರಿ ತಪ್ಪಬಾರದೆಂದು ಮೊದಲೇ ಹೇಳಿಬಿಡುತ್ತೇವೆ: ಇದು ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ ಸಾಸಲು. ಭಾಷ್ಯಕಾರರ ಶೆಡ್ಡಿನಲ್ಲಿ ಗರಗಸದ ಮಿಷನ್ನು, ಪ್ಲೇನಿಂಗ್ ಮಿಷನ್ನು, ಗ್ರೈಂಡರ್ ಇವೆ. ಮೂರೂ ಒಟ್ಟಿಗೆ ಓಡುವಾಗ ಸಾಲ ಕೊಟ್ಟವನು ಬಾಗಿಲಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಈ ಲಾಭವನ್ನು ಶಾಸ್ತ್ರ ಅಲ್ಲಗಳೆಯುವುದಿಲ್ಲ.

ಕಿವಿ ಉಳಿಯಬೇಕು, ಹಾಡು ಚೆನ್ನಾಗಿ ಕೇಳಬೇಕು, ವೈರು ಇರಬಾರದು (ಗರಗಸಕ್ಕೆ ಸಿಕ್ಕರೆ ಹಾಡಿನ ಹಿಂದೆ ತಲೆಯೂ ಹೋಗುತ್ತದೆ). ಈ ಮೂರು ಆಸೆಗಳೇ ಈ ಮೀಮಾಂಸೆಯ ಮೂಲ.

2. ಲಕ್ಷಣ

ಕರ್ಣ ಎಂದರೆ ಕಿವಿ. ಕವಚ, ಕುಂಡಲ ಎರಡನ್ನೂ ತೊಟ್ಟು ಹುಟ್ಟಿದ ಕರ್ಣನೇ ಈ ಶಾಸ್ತ್ರದ ಆದಿಪುರುಷ. ಇಂದ್ರ ಕೇಳಿದನೆಂದು ಎರಡನ್ನೂ ಬಿಚ್ಚಿಕೊಟ್ಟ. ಮುಂದಿನದು ಗೊತ್ತೇ ಇದೆ. ವೈರಿಲ್ಲದ ಸಂಬಂಧಕ್ಕೆ ಬ್ಲೂಟೂತ್ ಎಂದು ಹೆಸರು. ಅದು 10ನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡ್‌ನ ಅಡ್ಡಹೆಸರು. ಅದೇ ಶತಮಾನದಲ್ಲಿ ನಮ್ಮ ಪಂಪನೂ ಕರ್ಣನ ಕತೆ ಹೇಳಿದ್ದಾನೆ. ಇದು ಕಾಕತಾಳೀಯ ಎನ್ನುವವರು ಸಂಶೋಧನೆಗೆ ಲಾಯಕ್ಕಿಲ್ಲ.

ಕಿವಿಯಲ್ಲಿ ನಾಲ್ಕು ಬಗೆ. ಹೇಳಿದ್ದನ್ನೆಲ್ಲ ನಂಬುವುದು ಹಿತ್ತಾಳೆ ಕಿವಿ. ಚಂದಾ ಎತ್ತಲು ಬಂದವರ ಮಾತು ಮಾತ್ರ ಕೇಳಿಸದಿರುವುದು ಜಾಣಕಿವುಡು. ಕಣ್ಣಿಗೆ ಕಾಣದೆ ಎಲ್ಲವನ್ನೂ ಕೇಳುವುದು ಗೋಡೆಯ ಕಿವಿ. ನಾಲ್ಕನೆಯದು ಮಗ್ಗದ ಕಿವಿ. ಅದರ ವಿಚಾರ ಫಲಶ್ರುತಿಯಲ್ಲಿ.

3. ಶಬ್ದಪ್ರಮಾಣ

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಶೆಡ್ಡಿನಲ್ಲಿ ಕೊನೆಯದೊಂದೇ ಉಳಿಯುತ್ತದೆ. ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಶಬ್ದವನ್ನು ದ್ರವ್ಯವೆಂದೂ ಅದರ ಬಣ್ಣ ಬಿಳಿಯೆಂದೂ ಹೇಳಿದ್ದಾನೆ. ಇಂದಿನ ಎಂಜಿನಿಯರುಗಳು ಎಲ್ಲ ಕಂಪನಗಳೂ ಬೆರೆತ ಗದ್ದಲವನ್ನು ಬಿಳಿ ಸದ್ದು ಎಂದೇ ಕರೆಯುತ್ತಾರೆ. ಸಂಜೆ ಹೊತ್ತಿಗೆ ಮೈಮೇಲೆ ಕೂತಿರುವುದು ಮರದ ಪುಡಿಯೋ ಶಬ್ದದ್ರವ್ಯವೋ ಎಂಬುದು ಇನ್ನೂ ತೀರ್ಮಾನವಾಗಬೇಕು.

ಗರಗಸದ ಸದ್ದು ಸುಮಾರು 100 ಡೆಸಿಬೆಲ್. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಗೆ 90 ಎನ್ನುತ್ತವೆ. ಅಮೆರಿಕದ ನಯೋಶ್ ಸಂಸ್ಥೆ 85 ಸಾಕು ಎನ್ನುತ್ತದೆ. ಅಲ್ಲಿಂದ ಮೇಲೆ 3 ಏರಿದಂತೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಬರೀ 15 ನಿಮಿಷ. ಅಂದರೆ ಒಂದು ಬಾಗಿಲ ಚೌಕಟ್ಟಿಗೆ ಮರ ಸೀಳುವಷ್ಟರಲ್ಲಿ ಕಿವಿಯ ದಿನಗೂಲಿ ಮುಗಿಯಿತು. ಆಮೇಲಿನದೆಲ್ಲ ಸಾಲ, ಅದನ್ನು ಯಾವ ಸರ್ಕಾರವೂ ಮನ್ನಾ ಮಾಡುವುದಿಲ್ಲ.

4. ಪೂರ್ವಪಕ್ಷ

"ಕಿವಿಗೆ ಹತ್ತಿ ತುರುಕಿದರೆ ಸಾಲದೇ?" ಸಾಲದು. ಹತ್ತಿ ನೂಲಿಗೆ ಸರಿ, ಕಾವಲಿಗಲ್ಲ.

"ಕೊರಳಿಗೆ ಹಾಕುವ ನೆಕ್‌ಬ್ಯಾಂಡ್ ಇದೆಯಲ್ಲ?" ಇದೆ. ಗರಗಸ 100ರಲ್ಲಿ ಕಿರುಚುವಾಗ ಹಾಡು ಕೇಳಬೇಕೆಂದರೆ ಹಾಡು ಅದಕ್ಕಿಂತ ಜೋರಾಗಿ ಕಿರುಚಬೇಕು. ಕಳ್ಳನನ್ನು ಓಡಿಸಲು ದರೋಡೆಕೋರನನ್ನು ಮನೆಯೊಳಗೆ ಕರೆದಂತಾಯಿತು.

"ಗದ್ದಲವನ್ನು ತಾನೇ ಅಳಿಸುವ ದುಬಾರಿ ಇಯರ್‌ಬಡ್?" ಬಸ್ಸಿನ ಗುಂಯ್‌ಗುಡುವಿಕೆಯಂಥ, ಒಂದೇ ಸಮನೆ ಬರುವ ತಗ್ಗು ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ. ಗರಗಸದ ಕೀರಲಿಗೆ, ಸುತ್ತಿಗೆಯ ಟಕ್ಕಿಗೆ ಅಷ್ಟಾಗಿ ಬಗ್ಗುವುದಿಲ್ಲ.

5. ಸಿದ್ಧಾಂತ

ಇಡೀ ಕಿವಿಯನ್ನು ಮುಚ್ಚುವ, ಒಳಗೆ ಸ್ಪೀಕರ್ ಇರುವ ಇಯರ್‌ಮಫ್ ಉತ್ತಮ. ಎಷ್ಟು ಡೆಸಿಬೆಲ್ ತಡೆಯುತ್ತದೆಂದು ಹೇಳಲು ಡಬ್ಬಿಯ ಮೇಲೆ 24 ಎಂದೋ ಏನೋ ಒಂದು ಅಂಕಿ ಇರುತ್ತದೆ. ಅದನ್ನು ಹಾಗೇ ನಂಬುವುದು ಹಿತ್ತಾಳೆ ಕಿವಿಯ ಲಕ್ಷಣ. ಮಂಡಿಯಲ್ಲಿ ಮೂಟೆಯ ತೂಕ ಕಳೆಯುವಂತೆ ಮೊದಲು 7 ಕಳೆಯಿರಿ, ಉಳಿದದ್ದನ್ನು ಅರ್ಧ ಮಾಡಿ. ಕೈಗೆ ದಕ್ಕಿದ್ದು ಎಂಟೂವರೆ. 100ರ ಸದ್ದು ತೊಂಬತ್ತೊಂದೂವರೆಗೆ ಇಳಿಯಿತು.

ಇನ್ನೂ ಇಳಿಸಬೇಕೆಂದರೆ ಒಳಗೆ ಸ್ಪಂಜಿನ ಬಿರಡೆಯನ್ನೂ ಹಾಕಬೇಕು. ಅದನ್ನು ಬೀಡಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ತೂರಿಸಿ, ಅರಳುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಕಿವಿ ಹಿಂಡುವ ಈ ವಿದ್ಯೆಯನ್ನು ನಮ್ಮ ಮೇಷ್ಟ್ರು ಮೊದಲೇ ಕಲಿಸಿದ್ದರು. ಉಪಯೋಗ ಈಗ ತಿಳಿಯಿತು. ಎರಡರ ಅಂಕಿಗಳನ್ನೂ ಕೂಡಿಸಬಾರದು. ದೊಡ್ಡದಕ್ಕೆ 5 ಸೇರಿಸಿದರೆ ಮುಗಿಯಿತು, ಕೂಡು ಕುಟುಂಬದಲ್ಲಿ ಕಿರಿಮಗನ ಸಂಪಾದನೆಯ ಹಾಗೆ. ಕನ್ನಡಕದ ಕಡ್ಡಿ ಮಫ್‌ನ ಮೆತ್ತೆಯನ್ನು ಎತ್ತಿ ಹಿಡಿದರೆ ಆ ಸಂದಿನಲ್ಲೇ ಸದ್ದು ನುಸುಳುತ್ತದೆ. ಬಿರುಸಾದ ಮೆತ್ತೆಯನ್ನು ಬದಲಿಸಬೇಕು.

ಇನ್ನು ಸಂಗೀತ. ಕೆಲಸದ ಜಾಗಕ್ಕೆಂದೇ ಮಾಡಿದ ಒಳ್ಳೆಯ ಮಫ್‌ಗಳಲ್ಲಿ ಹಾಡು ಕಿವಿಯ ಹತ್ತಿರ 82 ಡೆಸಿಬೆಲ್ ದಾಟದಂತೆ ತಡೆ ಇರುತ್ತದೆ. "ಸೌಂಡ್ ಕಮ್ಮಿ" ಎಂದು ಅಂಗಡಿಯಲ್ಲಿ ಮುಖ ಸಿಂಡರಿಸುವವರು ಇದ್ದಾರೆ. ಹಾಡು ಚೆನ್ನಾಗಿ ಕೇಳಬೇಕೆಂದರೆ ಗದ್ದಲ ಇಳಿಯಬೇಕೇ ಹೊರತು ಹಾಡು ಏರಬೇಕಾಗಿಲ್ಲ. ಇದೇ ಸಿದ್ಧಾಂತ.

6. ಫಲಶ್ರುತಿ

ಶ್ರುತಿ ಎಂದರೂ ಕೇಳುವುದೇ. ಕೊಂಡ ಮಫ್‌ನ ಸಂಗೀತ ಎಷ್ಟು ಚೆನ್ನ ಎಂದು ಪರೀಕ್ಷಿಸಲು ತಕ್ಕ ಪಂಡಿತರು ಬೇಕಿತ್ತು. ದೊಡ್ಡಬಳ್ಳಾಪುರದಲ್ಲಿರುವ ನಮ್ಮ ಸೋದರಮಾವನನ್ನು ಹುಡುಕಿಕೊಂಡು ಹೋದೆವು. ಅವರು ವಯಸ್ಸಿನಲ್ಲಿ ಭಜನೆ ಮಂಡಲಿಯಲ್ಲಿ ತಾಳ ಹಿಡಿದವರು. ಆಮೇಲೆ ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವರು. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದಿನಲ್ಲಿ ಚೂರು ವ್ಯತ್ಯಾಸವಾದರೂ ಬೆನ್ನು ತಿರುಗಿಸಿ ನಿಂತಲ್ಲೇ ಎಳೆ ಕಡಿದದ್ದು ಅವರಿಗೆ ಗೊತ್ತಾಗುತ್ತಿತ್ತು. ಮಗ್ಗದ ಕಿವಿ ಎಂದರೆ ಅದು.

ಮಫ್ ತೊಡಿಸಿ, ಒಂದು ಹಳೆಯ ಭಜನೆ ಹಾಕಿದೆವು. ಮಾವ ಕಣ್ಣು ಮುಚ್ಚಿ ತೊಡೆ ತಟ್ಟಿದರು. ಸ್ವಲ್ಪ ಹೊತ್ತಿಗೆ ತಟ್ಟುವುದು ನಿಂತಿತು.

"ಹಾರ್ಮೋನಿಯಂ ಐತೆ, ಮೃದಂಗ ಐತೆ. ತಾಳನೇ ಇಲ್ವಲ್ಲಪ್ಪ! ಅಂಗಡಿಯೋನು ನಿಂಗೆ ಚೆನ್ನಾಗಿ ಟೋಪಿ ಹಾಕವ್ನೆ."

ಮಫ್ ಇಸಿದುಕೊಂಡು ನಮ್ಮ ಕಿವಿಗೆ ಹಾಕಿಕೊಂಡೆವು. ತಾಳ ಇತ್ತು. ಕಿಣಿಕಿಣಿ ಎಂದು, ಎಲ್ಲಕ್ಕಿಂತ ಮೇಲೆ ಇತ್ತು.

ಗದ್ದಲ ಕಿವಿಯಿಂದ ಮೊದಲು ಕಿತ್ತುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ಸದ್ದನ್ನು. ತಾಳದ ಕಿಣಿಕಿಣಿ, ಮಾತಿನ ಸಕಾರ ಶಕಾರಗಳ ಅಂಚು, ಮಕ್ಕಳ ಪಿಸುಮಾತು ಅಲ್ಲೇ ಇರುತ್ತವೆ. ಕರ್ಣನಿಗೆ ಬೇಡಿದವನು ಎದುರಿಗಾದರೂ ಬಂದು ನಿಂತಿದ್ದ. ಇಲ್ಲಿ ಯಾರೂ ಕೇಳಲೇ ಇಲ್ಲ, ದಿನಕ್ಕಿಷ್ಟಿಷ್ಟೇ ಹೋಯಿತು. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳ ನೇಕಾರರು ಮಗ್ಗದ ಗದ್ದಲದಲ್ಲಿ ಬರೀ ತುಟಿಯಾಡಿಸಿ ಮಾತಾಡುತ್ತಿದ್ದರು. ಅದಕ್ಕೆ ಅವರಲ್ಲಿ ಮೀ-ಮಾ ಎಂಬ ಹೆಸರೂ ಇತ್ತು. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ.

ಮಾವ ಮಫ್ ವಾಪಸ್ ಇಸಿದುಕೊಂಡು ತೊಟ್ಟುಕೊಂಡರು. "ನಾಳೆ ಇದ್ನ ಕೊಟ್ಬುಟ್ಟು, ತಾಳ ಇರೋದು ತಗಂಬಾ."

"ಆಗ್ಲಿ ಮಾವ" ಎಂದೆವು.

ಅವರು ನಮ್ಮ ತುಟಿ ನೋಡಿ ತಲೆಯಾಡಿಸಿದರು.