ಮಲ್ಲಂದೂರು ಸೀಮೆಯ ಹಾಸಿಗೆ ಮೀಮಾಂಸೆ

ಮನೆಗೆ ಹೊಸ ಹಾಸಿಗೆ ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಇದುವರೆಗೆ ಬಂದಿರುವ ಉತ್ತರಗಳೆಲ್ಲ ಬೆನ್ನಿನ ಪಕ್ಷ ವಹಿಸಿದವು. ಬೆನ್ನುಮೂಳೆ ನೆಟ್ಟಗಿರಬೇಕು, ಭುಜ ತುಸು ಇಳಿಯಬೇಕು, ಸೊಂಟಕ್ಕೆ ಆಧಾರ ಸಿಗಬೇಕು ಎಂದು ಅಂಗಡಿಯವರೂ ಮೂಳೆ ಡಾಕ್ಟರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಈ ಮತವನ್ನು ಪ್ರಸ್ತುತ ಪ್ರಬಂಧದಲ್ಲಿ ‘ಬೆನ್ನುವಾದ’ ಎಂದು ಕರೆಯಲಾಗಿದೆ. ಬಯಲುಸೀಮೆಗೆ ಬೆನ್ನುವಾದ ಸಲ್ಲಬಹುದು. ಆದರೆ ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರಿಗೂ ಅದರ ಸುತ್ತಲಿನ ಕಾಫಿ ಗುಡ್ಡಗಳಿಗೂ ಅದು ಒಗ್ಗುವುದಿಲ್ಲ. ಇಲ್ಲಿ ಮನುಷ್ಯ ಹಾಸಿಗೆಯ ಮೇಲೆ ಮಲಗುವುದು ರಾತ್ರಿ ಏಳೆಂಟು ಗಂಟೆ ಮಾತ್ರ. ಮಳೆಗಾಲ ಮಲಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಗಲೂ ರಾತ್ರಿ, ಮಗ್ಗುಲು ಬದಲಿಸದೆ. ಯಾರು ಹೆಚ್ಚು ಹೊತ್ತು ಮಲಗುತ್ತಾರೋ ಅವರನ್ನು ನೋಡಿಕೊಂಡು ಹಾಸಿಗೆ ತರುವುದು ನ್ಯಾಯ. ಆದಕಾರಣ ನಮ್ಮ ಸಿದ್ಧಾಂತ ಇಷ್ಟು: ಮಲ್ಲಂದೂರಿನಲ್ಲಿ ಹಾಸಿಗೆಯನ್ನು ಕಾಫಿಯಂತೆಯೇ ತೇವದ ಲೆಕ್ಕದಲ್ಲಿ ಅಳೆಯಬೇಕು. ಬೆನ್ನಿನ ಮಾತು ಆಮೇಲೆ.

ಸಿದ್ಧಾಂತಕ್ಕೆ ಪ್ರಮಾಣ ಬೇಕು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬಹುದು ಎಂಬುದು ತರ್ಕಶಾಸ್ತ್ರದ ಮೊದಲ ಪಾಠ. ಈ ಉದಾಹರಣೆ ಕೊಟ್ಟ ಪಂಡಿತರು ಆಷಾಢದಲ್ಲಿ ಮಲ್ಲಂದೂರಿಗೆ ಬಂದವರಲ್ಲವೆಂಬುದು ಸ್ಪಷ್ಟ. ಇಲ್ಲಿ ಬೆಟ್ಟದಿಂದ ಏಳುವುದೆಲ್ಲ ಕಾವಳ. ಅದನ್ನು ನೋಡಿ ಬೆಂಕಿ ಕಾಯಿಸಿಕೊಳ್ಳಲು ಹೊರಟವನು ನೆನೆದು ವಾಪಸಾಗುತ್ತಾನೆ. ಆದ್ದರಿಂದ ನಾವು ಹೊಗೆಯನ್ನು ಕೈಬಿಟ್ಟು ಬೂಷ್ಟನ್ನು ಹೇತುವಾಗಿ ಹಿಡಿಯುತ್ತೇವೆ. ಎಲ್ಲೆಲ್ಲಿ ಬೂಷ್ಟೋ ಅಲ್ಲಲ್ಲಿ ತೇವ. ದೃಷ್ಟಾಂತಕ್ಕೆ ಬೀರುವಿನೊಳಗಿನ ಬೆಲ್ಟು, ಮದುವೆಯ ಕೋಟು, ಗೋಡೆಗೆ ತಗುಲಿಸಿದ ಹಿರಿಯರ ಫೋಟೋದ ಹಿಂಬದಿ. ಪ್ರತ್ಯಕ್ಷ ಪ್ರಮಾಣ ಬೇಕೆನ್ನುವವರು ಜುಲೈ ತಿಂಗಳ ಒಂದು ಬೆಳಿಗ್ಗೆ ತಮ್ಮ ಹಾಸಿಗೆಯ ಗೋಡೆ ಕಡೆಯ ಮೂಲೆಯನ್ನು ಎತ್ತಿ ನೋಡಬಹುದು. ಮೇಲ್ಮೈ ಬೆಚ್ಚಗೆ, ಹೂವಿನ ಬೆಡ್‌ಶೀಟಿನೊಂದಿಗೆ ನಗುತ್ತಿರುತ್ತದೆ. ಅಡಿಯಲ್ಲಿ, ಸರಿಯಾಗಿ ಭುಜ ಮತ್ತು ಸೊಂಟ ಊರುವ ಜಾಗದಲ್ಲಿ, ಬೂದು ಹಸಿರು ಚುಕ್ಕೆಗಳು ಎದ್ದಿರುತ್ತವೆ. ಮಂಚದ ಹಲಗೆಯ ಮೇಲೂ ಅದೇ ಅಚ್ಚು ಬಿದ್ದಿರುತ್ತದೆ. ಕಾರಣ ಸರಳ. ಮನುಷ್ಯನ ಚರ್ಮ ಮತ್ತು ಉಸಿರಿನಿಂದ ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ನೀರು ಬೆವರದೆಯೇ ಆವಿಯಾಗಿ ಹೋಗುತ್ತದೆ. ರಾತ್ರಿಯ ಪಾಲಿನಲ್ಲಿ ಒಂದಷ್ಟು ಹಾಸಿಗೆಯೊಳಕ್ಕೆ ಇಳಿದು, ಕೆಳಗಿನ ತಣ್ಣನೆಯ ಹಲಗೆಗೆ ತಾಗಿ ಮತ್ತೆ ನೀರಾಗುತ್ತದೆ. ಅಂದರೆ ಮಳೆ ಹೊರಗಿನಿಂದ ಮಾತ್ರ ಬರುವುದಿಲ್ಲ, ಯಜಮಾನರಿಂದಲೂ ಬರುತ್ತದೆ.

ಈ ಸೀಮೆಯ ಜನ ತೇವವನ್ನು ಅಳೆಯಲು ಬಾರದವರೇನಲ್ಲ. ಪಾರ್ಚ್‌ಮೆಂಟ್ ಕಾಫಿ ಶೇಕಡ 10ಕ್ಕೆ, ಅರೇಬಿಕಾ ಚೆರ್ರಿ 10.5ಕ್ಕೆ, ರೋಬಸ್ಟಾ ಚೆರ್ರಿ 11ಕ್ಕೆ ಒಣಗಬೇಕೆಂಬುದು ಕಣ ಇರುವ ಮನೆಯ ಮಕ್ಕಳಿಗೂ ಗೊತ್ತು. ಅರ್ಧ ಪಾಯಿಂಟ್ ಹೆಚ್ಚಾದರೆ ವ್ಯಾಪಾರಿ ಮೀಟರು ತೋರಿಸಿ ರೇಟು ಇಳಿಸುತ್ತಾನೆ, ಇವರು ಜಗಳಕ್ಕೆ ನಿಲ್ಲುತ್ತಾರೆ. ಕಾಫಿಯ ಅರ್ಧ ಪಾಯಿಂಟಿಗೆ ಜಗಳವಾಡುವ ಇವರೇ, ತಾವು ಮಲಗುವ ಸರಕು ಎಷ್ಟು ಪಾಯಿಂಟಿನಲ್ಲಿದೆ ಎಂದು ಕೇಳಿದರೆ ಬೆಪ್ಪಾಗುತ್ತಾರೆ. ನೂಲು ಬಟ್ಟೆಯ ಶಾಸ್ತ್ರ ಇದಕ್ಕೆ ಲೆಕ್ಕ ಕೊಟ್ಟಿದೆ. ಗಾಳಿಯಲ್ಲಿ ಶೇಕಡ 65 ಆರ್ದ್ರತೆ ಇರುವಾಗ ಹತ್ತಿ ತನ್ನ ಒಣ ತೂಕದ ಶೇಕಡ 8.5ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೆಣಬು 13.75, ಉಣ್ಣೆ 16, ಪಾಲಿಯೆಸ್ಟರ್ ಬರೇ 0.4. ಗಮನಿಸಿ, ಇದು ಶೇಕಡ 65ರ ಮಾತು. ಮಲ್ಲಂದೂರಿನ ಪುನರ್ವಸು ಮಳೆಯಲ್ಲಿ ಶೇಕಡ 65 ಎಂದರೆ ಅದನ್ನು ಬರಗಾಲವೆಂದೇ ಘೋಷಿಸಬೇಕಾದೀತು. ಹಾಗಾದರೆ ಪಾಲಿಯೆಸ್ಟರ್ ಕೊಂಡುಬಿಟ್ಟರೆ ಮುಗಿಯಿತಲ್ಲ ಎಂದು ಅವಸರದ ಓದುಗ ಹೇಳಬಹುದು. ಮುಗಿಯುವುದಿಲ್ಲ. ತಾನು ಕುಡಿಯದ ಹಾಸಿಗೆ ನೀರನ್ನು ಮಾಯ ಮಾಡುವುದಿಲ್ಲ, ಹಲಗೆಗೆ ದಾಟಿಸುತ್ತದೆ. ಹಾಸಿಗೆ ಚೆನ್ನಾಗಿಯೇ ಉಳಿದು ಅಜ್ಜನ ಕಾಲದ ಬೀಟೆ ಮಂಚ ಬೂಷ್ಟು ಹಿಡಿಯುವುದನ್ನು ಯಾವ ಶಾಸ್ತ್ರವೂ ಲಾಭವೆಂದು ಒಪ್ಪಲಾರದು.

ಈಗ ಸರಕುಗಳ ಪರೀಕ್ಷೆ. ಮೆಮೊರಿ ಫೋಮ್ ಎಂಬುದು 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು. ವಿಮಾನದ ಸೀಟಿನಲ್ಲಿ ಕುಳಿತವರಿಗೆ ಪೆಟ್ಟಾಗದಿರಲೆಂದು ಮಾಡಿದ್ದು. ಮೈಯ ಬಿಸಿಗೆ ಮೆತ್ತಗಾಗುವುದು, ಚಳಿಗೆ ಬಿರುಸಾಗುವುದು ಅದರ ಗುಣ. ಡಿಸೆಂಬರಿನ ರಾತ್ರಿ ಹತ್ತಕ್ಕೆ ಮಲ್ಲಂದೂರಿನಲ್ಲಿ ಅದರ ಮೇಲೆ ಬಿದ್ದವನಿಗೆ ಹಲಗೆಯ ಅನುಭವ, ಹನ್ನೊಂದಕ್ಕೆ ಹಾಸಿಗೆಯ ಅನುಭವ. ನಡುವಿನ ಒಂದು ಗಂಟೆ ಹಾಸಿಗೆಗೆ ಇವನೇ ಒಲೆ. ಹತ್ತಿಯ ಪಕ್ಷದಲ್ಲಿ ಹೇಳುವುದು ಬಹಳವಿದೆ. ಬಿಸಿಲು ತೋರಿಸಿದರೆ ಕುಡಿದ ನೀರನ್ನು ಮರಳಿಸುತ್ತದೆ, ಗಂಟುಗಟ್ಟಿದರೆ ಬಿಚ್ಚಿ ಪಿಂಜಿಸಿ ಮತ್ತೆ ಹೊಲಿಸಬಹುದು, ಇಪ್ಪತ್ತು ವರ್ಷದ ಹಾಸಿಗೆಯೂ ಹೊಸದಾಗುತ್ತದೆ. ಆದರೆ ಬಿಲ್ಲು ಹೆಗಲಿಗೇರಿಸಿಕೊಂಡು ಮನೆ ಬಾಗಿಲಿಗೆ ಬಂದು ಹತ್ತಿ ಪಿಂಜುತ್ತಿದ್ದ ನದಾಫರು ಈಗ ಅಪರೂಪ. ಅಲ್ಲದೆ ಹತ್ತಿಗೆ ಬೇಕಾದ ಬಿಸಿಲು ನಾಲ್ಕು ತಿಂಗಳು ರಜೆಯ ಮೇಲಿರುತ್ತದೆ. ಲೇಟೆಕ್ಸ್ ಬಹಳ ಬಾಳಿಕೆಯದು, ಒಪ್ಪತಕ್ಕದ್ದೇ. ಅದರ ದೋಷ ಬೇರೆ ಇದೆ, ಅದನ್ನು ತಿಳಿಯಲು ‘ಹೊಳವು’ ಎಂಬ ಪ್ರಮೇಯ ಬೇಕು.

ಜಡಿಮಳೆ ನಡುವೆ ಆಕಾಶ ಕೊಂಚ ಬಿಳಿಚಿ, ಹಂಚಿನ ನೀರು ಸೋರುವುದು ನಿಂತು, ಮಬ್ಬು ಬಿಸಿಲು ಬಂದು ಹೋಗುವ ಅವಧಿಗೆ ಹೊಳವು ಎನ್ನುತ್ತಾರೆ. ಆಷಾಢದಲ್ಲಿ ಅದು ಅರ್ಧ ಗಂಟೆ ಇರಬಹುದು, ಕಾಲು ಗಂಟೆಯೂ ಇರಬಹುದು. ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಇಲ್ಲ. ಹಾಸಿಗೆ ಒಣಗುವುದಿದ್ದರೆ ಈ ಅವಧಿಯಲ್ಲೇ ಒಣಗಬೇಕು. ಹಾಗಾಗಿ ಒಂದು ಹೊಳವಿನೊಳಗೆ ಕೋಣೆಯಿಂದ ಜಗುಲಿಗೆ ತಂದು, ಎರಡು ಬದಿಗೂ ಗಾಳಿ ತೋರಿಸಿ, ಮುಂದಿನ ಹನಿ ಬೀಳುವ ಮೊದಲು ಒಳಗೆ ಎಳೆದುಕೊಳ್ಳಲು ಆಗದ ಹಾಸಿಗೆಯನ್ನು ನಮ್ಮ ಶಾಸ್ತ್ರ ಹಾಸಿಗೆಯೆಂದೇ ಅಂಗೀಕರಿಸುವುದಿಲ್ಲ. ಲೆಕ್ಕ ಹಾಕೋಣ. ಆರಡಿ ಉದ್ದ, ಆರಡಿ ಅಗಲ, ಆರಿಂಚು ದಪ್ಪದ ಲೇಟೆಕ್ಸ್ ಹಾಸಿಗೆಗೆ ಘನ ಮೀಟರಿಗೆ 80 ಕೆ.ಜಿ. ಸಾಂದ್ರತೆ ಹಿಡಿದರೆ ತೂಕ 40 ಕೆ.ಜಿ. ದಾಟುತ್ತದೆ. ಕಾಫಿ ಮೂಟೆ 50 ಕೆ.ಜಿ. ಆದರೆ ಮೂಟೆಗೆ ಕಿವಿ ಇದೆ, ಹಿಡಿತ ಇದೆ, ಹೊತ್ತವನ ಬೆನ್ನಿಗೆ ಅದು ಹೊಂದಿಕೊಳ್ಳುತ್ತದೆ. ಹಾಸಿಗೆ ಬಾಗಿಲಲ್ಲಿ ಬಳುಕುತ್ತದೆ, ಅಟ್ಟದ ಮೆಟ್ಟಿಲಲ್ಲಿ ಎತ್ತಿದವನ ಮೇಲೆಯೇ ಒರಗುತ್ತದೆ. ಅದನ್ನು ಹೊರಗೆ ತರುವಷ್ಟರಲ್ಲಿ ಹೊಳವು ಮುಗಿದಿರುತ್ತದೆ. ಅದೇ ಸಾಂದ್ರತೆಯ ತೆಂಗಿನ ನಾರಿನ ಹಾಸಿಗೆಯನ್ನು ಮೂರಡಿ ಅಗಲ, ನಾಲ್ಕಿಂಚು ದಪ್ಪದ ಎರಡು ತುಂಡಾಗಿ ಮಾಡಿಸಿದರೆ ಒಂದೊಂದು ತುಂಡು ಹದಿಮೂರೂವರೆ ಕೆ.ಜಿ.ಯ ಆಸುಪಾಸು. ಮನೆಯಲ್ಲಿರುವ ಯಾರು ಬೇಕಾದರೂ ಎತ್ತಬಹುದು, ಯಾರೂ ಇಲ್ಲದಿದ್ದರೆ ಒಬ್ಬರೇ ಎತ್ತಬಹುದು. ನಾರು ನೀರು ಹಿಡಿಯುವುದಿಲ್ಲವೇ ಎಂದರೆ ಹಿಡಿಯುತ್ತದೆ. ಆದರೆ ಲೇಟೆಕ್ಸ್ ಸಿಂಪಡಿಸಿ ಒತ್ತಿದ ನಾರಿನ ಎಳೆಗಳ ನಡುವೆ ಗಾಳಿ ಓಡಾಡಲು ಜಾಗ ಇರುತ್ತದೆ, ಬಂದ ನೀರು ಹೋಗುವ ದಾರಿ ಇರುತ್ತದೆ. ಮೇಲಾಗಿ, ಹಳೇ ಪದ್ಧತಿಯಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿಯೇ ನಾರು ತೆಗೆಯುತ್ತಿದ್ದರು. ಅಂಥ ಕುಲದಲ್ಲಿ ಹುಟ್ಟಿದ್ದಕ್ಕೆ ನಮ್ಮ ಮಳೆ ಏನು ಮಹಾ?

ಪೂರ್ವಪಕ್ಷಗಳಿಗೆ ಬರೋಣ. ಬೆನ್ನುವಾದಿಗಳ ಬ್ರಹ್ಮಾಸ್ತ್ರ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಸ್ಪೇನ್ ದೇಶದಲ್ಲಿ ಸೊಂಟನೋವಿನ 313 ಮಂದಿಗೆ ಗಟ್ಟಿ ಹಾಸಿಗೆ, ಮಧ್ಯಮ ಗಟ್ಟಿ ಹಾಸಿಗೆ ಹಂಚಿ 90 ದಿನ ನೋಡಿದಾಗ ಮಧ್ಯಮ ಗಟ್ಟಿಯವರಿಗೇ ಹೆಚ್ಚು ಗುಣ ಕಂಡಿತು. ನಾಲ್ಕಿಂಚಿನ ನಾರು ಗಟ್ಟಿಯಾದೀತು ಎಂಬುದು ಅವರ ಆಕ್ಷೇಪ. ಅಧ್ಯಯನದ ಬಗ್ಗೆ ನಮಗೆ ಗೌರವವಿದೆ; ಮೇಲೆ ಒಂದು ತೆಳು ಹತ್ತಿ ಗಾದಿ ಹಾಸಿಕೊಂಡರೆ ಗಟ್ಟಿ ಮಧ್ಯಮವಾಗುತ್ತದೆ, ಗಾದಿಯನ್ನು ಬಚ್ಚಲೊಲೆಯ ಬಿಸಿಗೆ ಒಣಗಿಸಬಹುದು. ಹಾಗಾದರೆ ಹಾಸಿಗೆಯನ್ನೇ ಬಚ್ಚಲಲ್ಲಿ ಒಣಗಿಸಬಹುದಲ್ಲ ಎಂಬುದು ಎರಡನೇ ಆಕ್ಷೇಪ. ಹಂಡೆ ಒಲೆಯ ಮೇಲಿನ ಹಗ್ಗದಲ್ಲಿ ಆಗಲೇ ಮನೆಮಂದಿಯ ಬಟ್ಟೆ, ಶಾಲೆಯ ಯೂನಿಫಾರ್ಮು, ಕೂಸಿನ ಬಟ್ಟೆ ಸರದಿಯಲ್ಲಿ ನಿಂತಿವೆ. ಆರಡಿ ಹಾಸಿಗೆ ಅಲ್ಲಿಗೆ ನುಗ್ಗಿದರೆ ಮನೆಯಲ್ಲಿ ಬಂಡಾಯವಾಗುತ್ತದೆ. ಎರಡು ತುಂಡಿನ ನಡುವೆ ಬೀಳುವ ಸಂದು ದಾಂಪತ್ಯಕ್ಕೆ ಒಳ್ಳೆಯದಲ್ಲ ಎಂಬ ಆಕ್ಷೇಪವೂ ಇದೆ. ಎರಡನ್ನೂ ಸೇರಿಸಿ ಒಂದು ಗವಸು ತೊಡಿಸಿದರೆ ಸಾಕು. ಗವಸೂ ಹಿಡಿದಿಡಲಾರದ ದಾಂಪತ್ಯವನ್ನು ಇಡೀ ಹಾಸಿಗೆ ಹಿಡಿದಿಟ್ಟೀತೆಂಬ ಭರವಸೆ ನಮಗಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಸಿದ್ಧಾಂತದ ಹೊಟ್ಟೆಯಿಂದಲೇ ಹುಟ್ಟುತ್ತದೆ. ಹಾಸಿಗೆಯನ್ನು ಕಾಫಿಯಂತೆ ನೋಡಬೇಕು ಎನ್ನುವುದಾದರೆ ಮಾನ್ಸೂನ್ಡ್ ಮಲಬಾರ್ ಕಾಫಿಗೆ ಏನು ಹೇಳುತ್ತೀರಿ? ಕರಾವಳಿಯ ಉಗ್ರಾಣಗಳಲ್ಲಿ ಒಣ ಚೆರ್ರಿ ಕಾಫಿ ಬೀಜವನ್ನು ನಾಲ್ಕರಿಂದ ಆರಿಂಚು ದಪ್ಪಕ್ಕೆ ಹರವಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಳಿಗೆ ಬೇಕೆಂದೇ ಒಡ್ಡುತ್ತಾರೆ. ಬೀಜ ತೇವ ಕುಡಿದು ಉಬ್ಬುತ್ತದೆ, ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ಕಳೆದುಕೊಳ್ಳುತ್ತದೆ, ಯುರೋಪಿನಲ್ಲಿ ಒಳ್ಳೆಯ ಬೆಲೆ ತರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ದಪ್ಪ ನಾಲ್ಕರಿಂದ ಆರಿಂಚು, ಕಾಲ ಜೂನ್‌ನಿಂದ ಸೆಪ್ಟೆಂಬರ್: ಹಾಸಿಗೆಯ ಅಳತೆಯೂ ಅದೇ, ಅದು ಅನುಭವಿಸುವ ಕಾಲವೂ ಅದೇ. ಹಾಗಿದ್ದರೆ ಮಲ್ಲಂದೂರಿನ ಹಾಸಿಗೆಯೂ ಮಳೆಗಾಲ ಕಳೆದ ಮೇಲೆ ದುಬಾರಿಯಾಗಬೇಕಲ್ಲವೇ? ಈ ವಾದ ನೋಡಲು ಸುಂದರ, ಆದರೆ ಹೇತ್ವಾಭಾಸ. ಆ ಕಾಫಿಯನ್ನು ಆಗಾಗ ಕೈಯಾಡಿಸಿ ತಿರುವಿಹಾಕುತ್ತಾರೆ, ಚೀಲಕ್ಕೆ ತುಂಬಿ ಗಾಳಿಗಿಡುತ್ತಾರೆ, ಒಂದು ಚೀಲದಿಂದ ಇನ್ನೊಂದಕ್ಕೆ ಸುರಿಯುತ್ತಾರೆ. ನಾಲ್ಕು ತಿಂಗಳು ಅದಕ್ಕೆ ವಿಶ್ರಾಂತಿಯಿಲ್ಲ. ಅದರ ಮೇಲೆ ಯಾರೂ ಮಲಗುವುದೂ ಇಲ್ಲ. ತಿರುವದೆ ಬಿಟ್ಟ ಕಾಫಿ ಏನಾಗುತ್ತದೆಂದು ಕೇಳಿದರೆ ಯಾವ ತೋಟದ ರೈಟರಾದರೂ ಹೇಳಿಯಾರು. ಎಂದಮೇಲೆ ಆಕ್ಷೇಪ ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ: ಎತ್ತಿ ತಿರುವಲು ಆಗುವಂಥದ್ದೇ ಬೇಕು.

ಉಳಿದದ್ದು ಕಾಲನಿರ್ಣಯ. ಕೊಳ್ಳುವವರು ಎಡವುವುದು ಇಲ್ಲೇ. ನೂರು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸಿ ಎಂದು ಆನ್‌ಲೈನಿನಲ್ಲಿ ಮಾರುವ ಕಂಪನಿಗಳು ಹೇಳುತ್ತವೆ. ನೂರು ರಾತ್ರಿ ಎಂಬುದು ಈ ಶಾಸ್ತ್ರದಲ್ಲಿ ಸ್ಥಾಪಿತವಾದ ಮಾನವೇ ಸರಿ; ಬೆಂಗಳೂರಿನ ವೇಕ್‌ಫಿಟ್ ಕಂಪನಿ 2019ರಲ್ಲಿ ನೂರು ರಾತ್ರಿ, ರಾತ್ರಿಗೆ ಒಂಬತ್ತು ಗಂಟೆ ನಿದ್ದೆ ಮಾಡುವವರಿಗೆ ಒಂದು ಲಕ್ಷ ರೂಪಾಯಿ ಕೊಡುವ ‘ನಿದ್ದೆ ಇಂಟರ್ನ್‌ಶಿಪ್’ ಘೋಷಿಸಿತ್ತು. ಪ್ರಶ್ನೆ ಇರುವುದು ಯಾವ ನೂರು ಎಂಬುದರಲ್ಲಿ. ಕಾಫಿ ಸೀಮೆಯಲ್ಲಿ ಕೈಯಲ್ಲಿ ದುಡ್ಡು ಓಡಾಡುವುದು ಕೊಯ್ಲಾಗಿ ಕಾಫಿ ಮಾರಿದ ಮೇಲೆ. ಮದುವೆಗಳು ಬರುವುದೂ ಅದರ ಹಿಂದೆಯೇ, ಮಂಚ ಹಾಸಿಗೆ ಕೊಳ್ಳುವುದೂ ಆಗಲೇ. ಸಂಕ್ರಾಂತಿಗೆ ಬಂದ ಹಾಸಿಗೆಯ ನೂರನೇ ರಾತ್ರಿ ಏಪ್ರಿಲ್ ನಾಲ್ಕನೇ ವಾರಕ್ಕೆ ಮುಗಿಯುತ್ತದೆ. ಆ ಅವಧಿಯಲ್ಲಿ ಅದು ನೋಡಿದ ನೀರೆಂದರೆ ಎರಡು ಹೂಮಳೆ. ಇಬ್ಬನಿಯ ಚಳಿ, ಕಣದ ಬಿಸಿಲು, ಬಿರುಬೇಸಿಗೆ ಮೂರರಲ್ಲೂ ಹಾಸಿಗೆ ಪಾಸಾಗುತ್ತದೆ. ನಿಜವಾದ ಪರೀಕ್ಷೆ ಶುರುವಾಗುವ ಹೊತ್ತಿಗೆ ಹಿಂದಿರುಗಿಸುವ ಗಡುವು ತೀರಿ ತಿಂಗಳಾಗಿರುತ್ತದೆ. ಇದರಲ್ಲಿ ಕಂಪನಿಯ ತಪ್ಪಿಲ್ಲ. ಪಂಚಾಂಗ ನೋಡದೆ ಕೊಂಡವರದು ತಪ್ಪು. ಜೂನ್ 1ಕ್ಕೆ ತಂದರೆ ನೂರನೇ ರಾತ್ರಿ ಸೆಪ್ಟೆಂಬರ್ 8ಕ್ಕೆ ಬೀಳುತ್ತದೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಆರೂ ಮಳೆ ಅದರ ಮೇಲೆ ಹಾದುಹೋಗಿರುತ್ತವೆ. ಆಮೇಲೂ ಮುಗ್ಗಲು ಬರದಿದ್ದರೆ ಇಟ್ಟುಕೊಳ್ಳಬಹುದು. ಜೂನ್ ಮೊದಲ ದಿನ ತಪ್ಪಿ ಆಷಾಢಕ್ಕೆ ಬಿದ್ದರೂ ಅಡ್ಡಿಯಿಲ್ಲ. ಆಷಾಢದಲ್ಲಿ ಹೊಸ ವಸ್ತು ತರಬಾರದು ಎನ್ನುವವರಿಗೆ ಒಂದೇ ಮಾತು: ಅದೇ ನಂಬಿಕೆಯಿಂದ ಆ ತಿಂಗಳು ಅಂಗಡಿಗಳು ಖಾಲಿ ಹೊಡೆದು ‘ಆಷಾಢ ಸೇಲ್’ ಎಂದು ಬೋರ್ಡು ಹಾಕುತ್ತವೆ, ರೇಟು ಇಳಿಯುತ್ತದೆ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗುವುದರಿಂದ ಅರ್ಧ ಭಾರದಲ್ಲೇ ಪರೀಕ್ಷೆ ನಡೆದು ಫಲಿತಾಂಶ ದೋಷಯುಕ್ತವಾಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇವೆ. ನವದಂಪತಿಗಳು ಒಂದು ವರ್ಷ ಹಳೇ ಹಾಸಿಗೆಯಲ್ಲಿ ಕಾಲ ಕಳೆಯಲಿ.

ಇಷ್ಟರ ಮೇಲೆ ತೀರ್ಪು: ಮೂರಡಿ ಅಗಲದ ಎರಡು ತುಂಡು, ನಾಲ್ಕಿಂಚು ನಾರು, ಮೇಲೊಂದು ಹತ್ತಿ ಗಾದಿ. ಮಂಚದ ಇಡೀ ಹಲಗೆ ತೆಗೆಸಿ ಸಂದು ಬಿಟ್ಟ ಪಟ್ಟಿ ಹೊಡೆಸಿ, ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿ. ಅಂಗಡಿಗೆ ಹೋದಾಗ ಮೇಲೆ ಕುಳಿತು ಕುಪ್ಪಳಿಸಿ ನೋಡಬೇಡಿ, ಶೋರೂಮಿನ ಹಾಸಿಗೆಯನ್ನು ನೆಚ್ಚಬೇಡಿ. ಗೋಡೌನಿಗೆ ಕರೆದೊಯ್ಯಲು ಹೇಳಿ, ಅಲ್ಲಿ ಒಟ್ಟಿದ ರಾಶಿಯ ಕಟ್ಟಕಡೆಯ ಹಾಸಿಗೆಯ ಅಡಿಗೆ ಕೈ ಹಾಕಿ, ಮೂಸಿ ನೋಡಿ, ಆಮೇಲೆ ದುಡ್ಡು ಕೊಡಿ.