ಗುಂಗಾಡದ ಎಂಜಲು

ಇನ್ನೊಬ್ಬರು ಕಚ್ಚಿದ ಪೇರಲಹಣ್ಣು ಮುಟ್ಟದ, ತಂಬಿಗೆಯನ್ನು ತುಟಿಗೆ ತಾಗಿಸದೆ ಮೇಲೆತ್ತಿ ಗಟಗಟ ಸುರಿದುಕೊಳ್ಳುವ ನಾವು ದೀಪ ಹಚ್ಚುವ ಹೊತ್ತಿಗೆ ಹತ್ತಾರು ಅಪರಿಚಿತರ ಎಂಜಲನ್ನು ಸೀದಾ ಮೈಯೊಳಗೆ ಇಳಿಸಿಕೊಳ್ಳುತ್ತೇವೆ. ಗುಂಗಾಡ ರಕ್ತ ಹೀರುತ್ತದೆ ಎಂದು ಗಂಗಾವತಿಯಿಂದ ಕುಷ್ಟಗಿಯವರೆಗೆ ಎಲ್ಲರದೂ ಒಂದೇ ದೂರು. ಆ ದೂರು ತಪ್ಪು ಕಲಮಿನಡಿ ದಾಖಲಾಗಿದೆ ಎಂಬುದು ನನ್ನ ವಾದ. ಅದರ ಅಸಲು ಅಪರಾಧ ಹೀರುವುದಲ್ಲ, ಉಗುಳುವುದು. ಸೊಳ್ಳೆಯ ಉಗುಳಿನ ಮೇಲೆ ಇಷ್ಟು ಗಂಭೀರವಾಗಿ ವಕೀಲಿ ಮಾಡುವವನ ತಲೆ ನೆಟ್ಟಗಿದೆಯೇ ಎಂದು ಕೇಳಬಹುದು. ಇಲ್ಲವೆಂದೇ ಇಟ್ಟುಕೊಂಡು ಮುಂದೆ ಓದಿ.

ಹೊರಸಿನಿಂದ ಇಳಿಬಿದ್ದ ಒಂದು ಹಿಮ್ಮಡಿಯನ್ನು ಕಲ್ಪಿಸಿಕೊಳ್ಳಿ. ಮೇಲೆ ಒಬ್ಬಾಕೆ ಬಂದು ಕೂತಿದ್ದಾಳೆ. ಆಕೆ ಎಂದೇ ಅನ್ನಬೇಕು. ಕಚ್ಚುವುದು ಹೆಣ್ಣು ಮಾತ್ರ, ಅದೂ ಮೊಟ್ಟೆ ಕಟ್ಟುವುದಕ್ಕೆ. ಗಂಡಸು ಹೂವಿನ ರಸ ಕುಡಿದುಕೊಂಡು ಸಾಧುವಾಗಿ ಇರುತ್ತಾನೆ. ನಮ್ಮ ಕಣ್ಣಿಗೆ ಒಂದೇ ಸೂಜಿ ಕಂಡರೂ ಅದು ಬರಿಯ ಒರೆ; ಅದು ಒಳಗೆ ಹೋಗುವುದೂ ಇಲ್ಲ, ಬಾಗಿ ಹೊರಗೇ ನಿಲ್ಲುತ್ತದೆ. ಒಳಗೆ ಇಳಿಯುವುದು ಆರು ಸಲಕರಣೆ. ನಾಲ್ಕು ಚರ್ಮ ಕೊಯ್ದು ದಾರಿ ಬಿಡಿಸುತ್ತವೆ, ಒಂದು ಕುಡಿಯುವ ಕೊಳವೆ, ಇನ್ನೊಂದು ಉಗುಳುವ ಕೊಳವೆ. ನಾವು ಉಣ್ಣುವ ಮುಂಚೆ ಎಲೆಯ ಸುತ್ತ ನೀರು ಕಟ್ಟುವಂತೆ ಆಕೆ ಮೊದಲು ಜೊಲ್ಲು ಬಿಡುತ್ತಾಳೆ. ನಮ್ಮ ರಕ್ತವೇನೂ ಸುಮ್ಮನೆ ಕೂಡುವಂಥದ್ದಲ್ಲ. ಗಾಯವಾದ ಕೂಡಲೇ ನಾಳ ಬಿಗಿದುಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳು ಓಡಿಬಂದು ಎಡಿಪಿ ಎಂಬ ರಾಸಾಯನಿಕ ಬಿಟ್ಟು ಓಣಿಯ ಮಂದಿಯನ್ನೆಲ್ಲ ಕೂಗಿ ಕರೆಯುತ್ತವೆ. ಆಮೇಲೆ ಥ್ರಾಂಬಿನ್ ಬಂದು ಫೈಬ್ರಿನ್ ಎಳೆಗಳ ಬಲೆ ನೇಯಿಸುತ್ತದೆ. ಜೊಲ್ಲಿನಲ್ಲಿ ಮೂರಕ್ಕೂ ಮದ್ದಿದೆ. ಈಡಿಸ್ ಸೊಳ್ಳೆಯ ಸಿಯಾಲೋಕೈನಿನ್ ನಾಳವನ್ನು ಸಡಿಲಿಸುತ್ತದೆ. ಅಪೈರೇಸ್ ಆ ಎಡಿಪಿಯನ್ನೇ ಮುರಿದು ಹಾಕುತ್ತದೆ, ಡಂಗುರ ಸಾರುವವನ ಕೈಯಿಂದ ಹಲಗೆ ಕಸಿದುಕೊಂಡ ಹಾಗೆ. ಅನಾಫಿಲೀಸ್ ಸೊಳ್ಳೆಯ ಅನೋಫೆಲಿನ್ ಹೋಗಿ ಥ್ರಾಂಬಿನ್ನಿನ ಮೇಲೆಯೇ ಕೂತುಬಿಡುತ್ತದೆ. ಭಾಗ್ಯನಗರದ ನೇಕಾರರಿಗೆ ಹೇಳುವುದಾದರೆ ಹಾಸು ಇದೆ, ಹೊಕ್ಕಿನ ನೂಲೂ ಇದೆ, ಲಾಳಿ ಮಾತ್ರ ಕಾಣೆಯಾಗಿದೆ, ಬಚ್ಚಿಟ್ಟದ್ದು ಲಾಲಾರಸ. ಎರಡು-ಮೂರು ನಿಮಿಷದಲ್ಲಿ ಊಟ ಮುಗಿದು ಕೈತೊಳೆಯುವ ಹೊತ್ತಿಗೆ ನಮ್ಮ ಕೈ ಎದ್ದು ಹಿಮ್ಮಡಿಯನ್ನು ಫಟ್ಟನೆ ಹೊಡೆಯುತ್ತದೆ. ಎಂದಿನಂತೆ ತಡವಾಗಿ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. 1960ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೊಳ್ಳೆಗಳ ಜೊಲ್ಲಿನ ನಾಳವನ್ನೇ ಕತ್ತರಿಸಿ ನೋಡಿದರು. (ಸೊಳ್ಳೆಯ ಕೊರಳಿಗೆ ಶಸ್ತ್ರಚಿಕಿತ್ಸೆ! ಇವರ ಮುಂದೆ ನನ್ನ ತಲೆ ಎಷ್ಟೋ ನೆಟ್ಟಗಿದೆ.) ಜೊಲ್ಲಿಲ್ಲದೆಯೂ ಅವು ಹೊಟ್ಟೆ ತುಂಬ ಕುಡಿದವು. ಹಾಗಾದರೆ ಉಗುಳಿನ ಮಹಿಮೆ ಎಲ್ಲಿ ಉಳಿಯಿತು? ಉಳಿದಿದೆ. ಮುಂದಿನ ಪ್ರಯೋಗಗಳಲ್ಲಿ ಕಂಡದ್ದೇನೆಂದರೆ, ಜೊಲ್ಲಿಲ್ಲದ ಸೊಳ್ಳೆ ರಕ್ತನಾಳ ಹುಡುಕುತ್ತ ಹೆಚ್ಚು ಹೊತ್ತು ತಡಕಾಡುತ್ತದೆ. ಹಿಮ್ಮಡಿಯ ಮೇಲೆ ಹೆಚ್ಚು ಹೊತ್ತು ಅಂದರೆ ಸಾವು. ಇನ್ನೊಂದು ಸಂಗತಿ, ನಾಳ ಕತ್ತರಿಸಿದ ಸೊಳ್ಳೆ ಕಚ್ಚಿದಲ್ಲಿ ಗಂದೆ ಏಳಲಿಲ್ಲ. ರಕ್ತ ಹೋಯಿತು, ತುರಿಕೆ ಬರಲಿಲ್ಲ. ನಾವು ರಾತ್ರಿಯೆಲ್ಲ ಕೆರೆದುಕೊಳ್ಳುವುದು ಕಳೆದುಕೊಂಡ ರಕ್ತಕ್ಕಲ್ಲ, ಪಡೆದ ಎಂಜಲಿಗೆ. ತಗಣಿ, ಚಿಗಟ, ಕುರಿಯ ಮೈಯ ಉಣ್ಣಿ ಇವರ ಜೊಲ್ಲಲ್ಲೂ ಅಪೈರೇಸ್ ಉಂಟು. ತಗಣಿಯದು ಬೇರೆ ಮನೆತನದ್ದು, ಕಸುಬು ಮಾತ್ರ ಅದೇ. ಕೀಟವಲ್ಲದಿದ್ದರೂ ಜಿಗಣೆಯನ್ನು ಮರೆಯುವಂತಿಲ್ಲ: ಅದರ ಹಿರುಡಿನ್ ಬಳಸಿಯೇ 1924ರಲ್ಲಿ ಜರ್ಮನಿಯ ಗೇಯಾರ್ಗ್ ಹಾಸ್ ಮನುಷ್ಯನಿಗೆ ಮೊದಲ ಡಯಾಲಿಸಿಸ್ ಮಾಡಿದ. ಎಂಜಲಿಗೂ ಒಳ್ಳೆಯ ದಿನಗಳು ಇದ್ದವು.

ಎರಡು ಹನಿ ಜೊಲ್ಲಿಗೆ ಇಷ್ಟು ರಂಪವೇಕೆ ಎನ್ನುವವರಿಗೆ ಸಿಕಂದರಾಬಾದನ್ನು ನೆನಪಿಸುತ್ತೇನೆ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡ. ಆಗ ಕೊಪ್ಪಳವೂ ನಿಜಾಮರ ಸೀಮೆಯೇ, ಸಾಲಾರ್ ಜಂಗರ ಜಹಗೀರು. ಆದರೆ ಹೊಟ್ಟೆಗೆ ಹೋದದ್ದು ನಮ್ಮ ಮೈಗೆ ಮರಳುವುದು ಹೇಗೆ? ಕುಡಿಯುವ ಕೊಳವೆಯಲ್ಲಿ ಒಳಗೆ ಹೋದ ರಕ್ತ ಹಿಂದೆ ಬರುವುದಿಲ್ಲವಲ್ಲ. ಉತ್ತರ ಸಿಕ್ಕಿದ್ದು ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾ ಹೊತ್ತ ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ. ಡೆಂಗಿಯ ವೈರಸ್ ಬರುವುದೂ ಅದೇ ಕೊಳವೆಯಿಂದ. ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಮಗುವಿನ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿಯಿತು ಎಂದು ಕೇಳುವ ತಾಯಿಯ ಎದುರು ಲಾಳಿ-ಲಾಲಾರಸದ ಶ್ಲೇಷೆ ಯಾವ ಕೆಲಸಕ್ಕೂ ಬಾರದು.

ಕೊನೆಯ ಆಕ್ಷೇಪ ಯಲಬುರ್ಗಾ, ಕುಷ್ಟಗಿಯವರದು. ಗಂಗಾವತಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆ ಇದೆ, ಸೊಳ್ಳೆ ಇರಲಿ; ಕುಡಿಯುವ ನೀರಿಗೇ ದಾರಿ ಕಾಯುವ ನಮ್ಮ ಎರಿಯ ಸೀಮೆಗೆ ಅದೆಲ್ಲಿಂದ ಬಂತು? ದಾರಿ ಕಾಯುವುದರಿಂದಲೇ ಬಂತು. ಗದ್ದೆಯ ನೀರು ಕ್ಯುಲೆಕ್ಸ್‌ನ ತವರಾದರೆ, ನಳ ಬಂದಾಗ ತುಂಬಿಟ್ಟ ಬ್ಯಾರಲ್ಲು ಡೆಂಗಿ ತರುವ ಈಡಿಸ್‌ನ ತವರು. ಹೊಗೆ ಬಿಡುವ ಗಾಡಿ ಬರಲಿಲ್ಲ ಎಂದು ಪಂಚಾಯಿತಿಯನ್ನು ಬೈಯುವವರು ಆ ಬ್ಯಾರಲ್ಲಿಗೆ ಒರಗಿಕೊಂಡೇ ಬೈಯುತ್ತಾರೆ. ಒಳಗೆ ಬಾಲಹುಳಗಳು ತಲೆಕೆಳಗಾಗಿ ತೂಗಾಡುತ್ತ ಕೇಳಿಸಿಕೊಳ್ಳುತ್ತಿರುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಬ್ಯಾರಲ್ಲಿನ ಒಳಮೈಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ತುಂಬಿದ ಮೇಲೆ ಬಾಯಿಗೆ ಹಳೇ ಧೋತರದ ತುಂಡು ಬಿಗಿದು ಕಟ್ಟಿ.